ಉಪ್ಪಿಲು ಹತ್ತಿದ ನೆಲ್ಲಿಮರ



ನೆಲ್ಲಿಮರದ ಎಲೆ ನಿಮಗೆಲ್ಲ ಗೊತ್ತು. ಹುಣಿಸೆ ಎಲೆಯ ಹಾಗೆ ಸಣ್ಣ ಸಣ್ಣ ಎಲೆ. ಗಾಳಿ ಬೀಸಿದರೆ ಮರವೆಲ್ಲ ಬಾಚಿದ ತಲೆಗೂದಲಿನಂತೆ ಒಂದೇ ಕಡೆಗೆ ವಾಲುತ್ತದೆ. ಕೆಲವು ವರ್ಷಗಳ ಹಿಂದೆ ಚಾಮರಾಜನಗರ ಜಿಲ್ಲೆಯ ಬಿಳಿಗಿರಿರಂಗನ ಬೆಟ್ಟದಲ್ಲಿ, ಸೋಲಿಗರ ಒಂದು ಪೋಡಿನ ಹಿಂದಿನ ಇಳಿಜಾರಿನಲ್ಲಿ, ಅಂಥದೊಂದು ಮರದ ಕೆಳಗೆ ನಿಂತಿದ್ದೆ. ಪೋಡು ಎಂದರೆ ಆ ಬೆಟ್ಟದ ಆದಿವಾಸಿಗಳಾದ ಸೋಲಿಗರ ಹಟ್ಟಿ. ಜೊತೆಗಿದ್ದ ಹಿರಿಯರೊಬ್ಬರು ಕೋಲೆತ್ತಿ ತೋರಿಸಿ, "ಇಲ್ಲಿ ಎಷ್ಟು ಮರ ಅದೆ ಹೇಳಿ ಸ್ವಾಮಿ" ಎಂದರು.

"ಒಂದೇ ಅಲ್ವಾ ತಾತ?"

ತಾತ ನಕ್ಕರು. ಇನ್ನೊಂದು ಸಲ ನೋಡಲು ಹೇಳಿದರು. ನೋಡಿದೆ. ನೆಲ್ಲಿಯ ಸಣ್ಣೆಲೆಗಳ ನಡುವೆ, ಮೇಲಿನ ಕೊಂಬೆಗಳಲ್ಲಿ, ದಪ್ಪನೆಯ ಬೂದುಹಸಿರು ಎಲೆಗಳ ಗೊಂಚಲು. ದೂರದಿಂದ ಕಂಡವರಿಗೆ ಮರ ಹುಲುಸಾಗಿದೆ ಅನ್ನಿಸಬೇಕು, ಹಾಗಿತ್ತು. ಅದು ಉಪ್ಪಿಲು. ನಮ್ಮ ಕಡೆ ಬದನಿಕೆ ಅನ್ನುತ್ತಾರಲ್ಲ, ಆ ಜಾತಿಯದು. ಹಕ್ಕಿ ಹಣ್ಣು ತಿಂದು ಕೊಂಬೆಗೆ ಮೆತ್ತಿದ ಅಂಟುಬೀಜ ಅಲ್ಲೇ ಮೊಳೆತು, ಬೇರನ್ನು ಮರದೊಳಕ್ಕೆ ಇಳಿಸಿ, ಮರ ಎಳೆದ ನೀರನ್ನು ತಾನು ಕುಡಿದು ಬೆಳೆಯುತ್ತದೆ. "ಬೇರು ನೆಲ್ಲಿದು, ಉಣ್ಣದು ಉಪ್ಪಿಲು" ಎಂದರು ತಾತ. ಆ ಮರದಲ್ಲಿ ಹತ್ತಿಪ್ಪತ್ತು ಕಾಯಿಯೂ ಇರಲಿಲ್ಲ.

ಈ ಮರವನ್ನು ಇಲ್ಲೇ ಬಿಟ್ಟಿರೋಣ, ಮತ್ತೆ ಬರುತ್ತೇನೆ.

ಇವತ್ತು ನಾನು ಮಾತಾಡಬೇಕಾದ್ದು ಕಾಡು ಉಳಿಸಬೇಕೆನ್ನುವ ಸಂಸ್ಥೆಗಳೂ ಕಾಡಿನಲ್ಲೇ ಹುಟ್ಟಿ ಬೆಳೆದ ಜನರೂ ಕೂಡಿ ಮಾಡುವ ಕೆಲಸದ ಬಗ್ಗೆ. ಕಾಗದಪತ್ರಗಳಲ್ಲಿ ಇದಕ್ಕೆ ಸಹಭಾಗಿತ್ವ ಎಂಬ ಹೆಸರಿದೆ. ಆ ಪದ ಕೇಳಿದಾಗಲೆಲ್ಲ ನನಗೆ ನಮ್ಮೂರ ಗದ್ದೆಬಯಲು ನೆನಪಾಗುತ್ತದೆ. ಅಲ್ಲಿ ಪಾಲಿಗೆ ಗದ್ದೆ ಮಾಡುವವರಿದ್ದರು. ನೇಗಿಲು ಒಬ್ಬರದು, ನೆರಳು ಇನ್ನೊಬ್ಬರದು. ಕಣದಲ್ಲಿ ಬತ್ತ ಅಳೆಯುವ ದಿನ ಇಬ್ಬರೂ ಪಾಲುದಾರರೇ ಆದರೂ ಕೊಳಗ ಹಿಡಿಯುವ ಕೈ ಮಾತ್ರ ಯಾವಾಗಲೂ ಒಬ್ಬರದೇ. ಹಾಗಾಗಿ ಆದಿವಾಸಿಗಳೊಂದಿಗೆ ಸಹಭಾಗಿತ್ವ ಎಂದು ಯಾರಾದರೂ ಹೇಳಿದರೆ, ಕೊಳಗ ಯಾರ ಕೈಲಿದೆ ಎಂದು ಕೇಳುವುದು ನನಗೆ ಅಭ್ಯಾಸವಾಗಿಬಿಟ್ಟಿದೆ. ಬಿಳಿಗಿರಿರಂಗನ ಬೆಟ್ಟದ ಕಥೆ ಈ ಪ್ರಶ್ನೆಗೆ ಪೂರ್ತಿ ಉತ್ತರ ಕೊಡುವುದಿಲ್ಲ. ಆದರೆ ಅಲ್ಲಿ ಕೊಳಗ ಸ್ವಲ್ಪವಾದರೂ ಕೈ ಬದಲಾಯಿಸಿದ್ದನ್ನು ನೋಡಬಹುದು.

ಬೆಟ್ಟದ ದೇವರು ರಂಗಪ್ಪನನ್ನು ಸೋಲಿಗರು ಭಾವ ಎಂದು ಕರೆಯುತ್ತಾರೆ. ಅವರ ಹುಡುಗಿ ಕುಸುಮಾಲೆಗೆ ರಂಗಪ್ಪ ಮನಸೋತು ಮದುವೆಯಾದನೆಂಬುದು ಕಥೆ. ದೇವರನ್ನೇ ನಂಟನನ್ನಾಗಿ ಮಾಡಿಕೊಂಡ ಈ ಜನ ಕಾಡಿನೊಳಗೆ ಕೊತ್ತುಕಾಡು ಬೇಸಾಯ ಮಾಡುತ್ತಿದ್ದರು. ಒಂದು ತುಂಡು ನೆಲ ಸವರಿ, ರಾಗಿ ಬಿತ್ತಿ, ಕೆಲವು ವರ್ಷಗಳಲ್ಲಿ ಅದನ್ನು ಕಾಡಿಗೇ ಬಿಟ್ಟು ಮುಂದಕ್ಕೆ ಹೋಗುವ ಬೇಸಾಯ. 1974ರಲ್ಲಿ ಬೆಟ್ಟ ಅಭಯಾರಣ್ಯವಾಯಿತು. 1987ರಲ್ಲಿ ಅದರ ವಿಸ್ತೀರ್ಣ 540 ಚದರ ಕಿಲೋಮೀಟರಿನಷ್ಟಕ್ಕೆ ಹಿಗ್ಗಿತು. ಕೊತ್ತುಕಾಡು ನಿಂತಿತು, ಬೇಟೆ ನಿಂತಿತು, ಬೆಂಕಿ ನಿಂತಿತು. ಅಲ್ಲಲ್ಲಿ ಚದುರಿದ್ದ ಕುಟುಂಬಗಳನ್ನು ತಂದು ಖಾಯಂ ಪೋಡುಗಳಲ್ಲಿ ಕೂರಿಸಿದರು. ಅಭಯ ಸಿಕ್ಕಿದ್ದು ಯಾರಿಗೆ ಎಂದು ಸೋಲಿಗರು ಆಗ ಕೇಳಿದ್ದರೆ ತಪ್ಪಿರಲಿಲ್ಲ.

ಡಾಕ್ಟರ್ ಎಚ್. ಸುದರ್ಶನ್ ಬೆಟ್ಟಕ್ಕೆ ಬಂದು 1981ರಲ್ಲಿ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರ ಕಟ್ಟಿದ್ದು ಮದ್ದು ಕೊಡುವುದಕ್ಕೆ. ಕಾಡು ಉಳಿಸುವ ಮಾತು ಆಗ ಇರಲಿಲ್ಲ. ಆಸ್ಪತ್ರೆಯ ಬೆನ್ನಿಗೆ ಶಾಲೆ ಬಂತು, ಶಾಲೆಯ ಬೆನ್ನಿಗೆ ಸಂಘ ಬಂತು. ಪರಿಸರ ಸಂಸ್ಥೆಗಳ ಮಂದಿ ಇದನ್ನು ಹೆಚ್ಚಾಗಿ ಮರೆಯುತ್ತಾರೆ. ಮಗುವಿಗೆ ಜ್ವರ ಬಂದಾಗ ಯಾರು ಬಾಗಿಲಿಗೆ ಬಂದರೆಂಬ ನೆನಪಿದ್ದಲ್ಲಿ ಮುಂದಿನ ಮಾತುಕತೆ ಸಲೀಸು. ಜೀಪಿನಲ್ಲಿ ಬಂದಿಳಿದು ಪ್ರಶ್ನೆಪಟ್ಟಿ ಬಿಚ್ಚಿದರೆ ಕಾಡಿನ ಜನ ನಮಗೆ ಇಷ್ಟವಾಗುವ ಉತ್ತರವನ್ನೇ ಕೊಟ್ಟು ಕಳಿಸುತ್ತಾರೆ. ಅದೂ ಒಂದು ಬಗೆಯ ಮರ್ಯಾದೆ.

ತೊಂಬತ್ತರ ದಶಕದಲ್ಲಿ ಸಸ್ಯವಿಜ್ಞಾನಿಗಳು ಬಂದರು. ಕಮಲ್‌ಜಿತ್ ಬಾವಾ ಅವರ ಮುಂದಾಳ್ತನದಲ್ಲಿ 1996ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಏಟ್ರೀ ಸಂಸ್ಥೆಗೆ ಈ ಬೆಟ್ಟವೇ ಮೊದಲ ಪಾಠಶಾಲೆಗಳಲ್ಲಿ ಒಂದು. ಆ ಹೊತ್ತಿಗೆ ಸೋಲಿಗರ ಬದುಕು ಕಿರು ಅರಣ್ಯ ಉತ್ಪನ್ನಗಳ ಮೇಲೆ ನಿಂತಿತ್ತು. ಹೆಜ್ಜೇನು, ನೆಲ್ಲಿಕಾಯಿ, ಅಳಲೆಕಾಯಿ, ಸೀಗೆಕಾಯಿ, ಅಂಟುವಾಳ, ಮಾಗಳಿ ಬೇರು, ಮರದ ಮೇಲೆ ಬೆಳೆಯುವ ಕಲ್ಲುಹೂವು. ಕೊಳ್ಳುತ್ತಿದ್ದದ್ದು ಲ್ಯಾಂಪ್ಸ್, ಅಂದರೆ ಆದಿವಾಸಿಗಳ ವಿವಿಧೋದ್ದೇಶ ಸಹಕಾರ ಸಂಘ. ಮನೆಯ ವರ್ಷದ ಆದಾಯದಲ್ಲಿ ಹೆಚ್ಚುಕಡಿಮೆ ಅರ್ಧ ಇದರಿಂದಲೇ ಬರುತ್ತಿತ್ತು. ನಮ್ಮ ಅಡಿಗೆಮನೆಯ ನೆಲ್ಲಿಕಾಯಿ ಉಪ್ಪಿನಕಾಯಿಯ ಜಾಡಿಗೂ ಆ ಪೋಡುಗಳ ಮಕ್ಕಳ ಶಾಲೆಯ ಚೀಲಕ್ಕೂ ನಡುವೆ ಇದ್ದ ದಾರಿ ಅದು.

ವಿಜ್ಞಾನಿಗಳ ಪ್ರಶ್ನೆ ನೇರವಾಗಿತ್ತು: ಇಷ್ಟೆಲ್ಲ ಕಾಯಿ ಕಿತ್ತರೆ ನೆಲ್ಲಿ ಸಂತತಿ ಉಳಿದೀತೇ? ಸೋಲಿಗರೇ ಅವರ ಜೊತೆ ಕೂತು, ಯಾವ ದಿಕ್ಕಿನ ಕಾಡಿನಲ್ಲಿ ಈ ಸಲ ಕಾಯಿ ಎಷ್ಟು, ಎಷ್ಟು ಕಿತ್ತದ್ದು, ಎಷ್ಟು ಬಿಟ್ಟದ್ದು ಎಂದು ಲೆಕ್ಕ ಹಾಕುವ ಪದ್ಧತಿ ಬಂತು. ಹೊರಗಿನವರು ಅಳೆದು, ಬರೆದುಕೊಂಡು ಹೋಗಿ, ಹೊರಗೇ ಅಚ್ಚು ಹಾಕಿಸುವ ಕಾಲದಲ್ಲಿ ಇದು ಸಣ್ಣ ಮಾತಲ್ಲ. ಕೊಳಗಕ್ಕೆ ಇನ್ನೊಂದು ಕೈ ತಾಕಿದ್ದು ಇಲ್ಲಿ.

ಆದರೆ ಲೆಕ್ಕ ಬರೆಸುತ್ತ ಬರೆಸುತ್ತ ಸೋಲಿಗರು ಬೇರೆಯದೇ ಮಾತು ಹೇಳುತ್ತಿದ್ದರು. ನೆಲ್ಲಿ ಸಾಯುತ್ತಿರುವುದು ನಾವು ಕಿತ್ತದ್ದರಿಂದಲ್ಲ ಎನ್ನುತ್ತಿದ್ದರು. ಮೇಲೆ ಉಪ್ಪಿಲು ಹತ್ತಿದೆ, ಕೆಳಗೆ ಲಂಟಾನ ಹಬ್ಬಿ ಸಸಿ ಏಳುತ್ತಿಲ್ಲ. ಎರಡಕ್ಕೂ ಕಾರಣ, ನೀವು ಬೆಂಕಿ ನಿಲ್ಲಿಸಿದ್ದು.

ಬೆಂಕಿ ಎಂದ ಕೂಡಲೇ ನಗರದಲ್ಲಿ ಕೂತ ನಮಗೆ ಕಾಣುವುದು ಬಂಡೀಪುರದ ಸುಟ್ಟ ಗುಡ್ಡ. ಸೋಲಿಗರು ಹೇಳುವ ತರಗುಬೆಂಕಿಯೇ ಬೇರೆ. ಚಳಿ ಪೂರ್ತಿ ಹೋಗುವ ಮೊದಲು, ನೆಲದಲ್ಲಿ ಇನ್ನೂ ಪಸೆ ಇರುವಾಗ, ಉದುರಿದ ತರಗೆಲೆಗೆ ತಾಕಿಸುವ ಬೆಂಕಿ. ಮೊಣಕಾಲೆತ್ತರಕ್ಕೂ ಏಳದೆ, ತರಗನ್ನಷ್ಟೇ ತಿಂದು, ಹಳ್ಳ ಸಿಕ್ಕಿದಲ್ಲಿ ಆರಿಹೋಗುತ್ತದೆ. ಅದರ ಕಾವಿಗೆ, ಹೊಗೆಗೆ ಉಪ್ಪಿಲು ತಡೆಯುತ್ತಿರಲಿಲ್ಲ. ಲಂಟಾನದ ಎಳೆಗಿಡ ಉಳಿಯುತ್ತಿರಲಿಲ್ಲ. ಹೊಸ ಹುಲ್ಲು ಬರುತ್ತಿತ್ತು, ಹುಲ್ಲಿಗೆ ಜಿಂಕೆ, ಜಿಂಕೆಗೆ ಹುಲಿ. ಹೀಗೆಂದು ತಾತ ಬೆರಳು ಮಡಚಿ ಮಡಚಿ ಎಣಿಸಿ ತೋರಿಸಿದರು. ಬೆಂಕಿ ನಿಂತ ಮೇಲೆ ತರಗು ವರ್ಷವರ್ಷವೂ ಅಟ್ಟಿಯಾಯಿತು. ಈಗ ಬೇಸಗೆಯಲ್ಲಿ ಹತ್ತಿಕೊಂಡರೆ ಮರದ ನೆತ್ತಿಯವರೆಗೂ ಏಳುತ್ತದೆ. ಆಮೇಲೆ ಲಂಟಾನ ಬುಡದಿಂದ ಚಿಗುರಿ ಇನ್ನಷ್ಟು ದಟ್ಟವಾಗುತ್ತದೆ.

ಲಂಟಾನದ ಬಗ್ಗೆ ಎರಡು ಮಾತು. ಈ ಗಿಡ ನಮ್ಮದಲ್ಲ. ಅಮೆರಿಕ ಖಂಡದ ಇದನ್ನು 1809ರ ಸುಮಾರಿಗೆ ಕಲ್ಕತ್ತೆಯ ಸಸ್ಯೋದ್ಯಾನಕ್ಕೆ ಹೂವಿನ ಚೆಂದಕ್ಕಾಗಿ ತಂದದ್ದು. ಅಲ್ಲಿಂದ ಹಕ್ಕಿಗಳು ಇಡೀ ದೇಶಕ್ಕೆ ಹಂಚಿದವು. ಬಿಳಿಗಿರಿರಂಗನ ಬೆಟ್ಟದಲ್ಲಿ ವಿಜ್ಞಾನಿಗಳು ಗುರುತು ಹಾಕಿಟ್ಟ ತಾಕುಗಳ ಪೈಕಿ 1997ರಲ್ಲಿ ನೂರಕ್ಕೆ 41ರಲ್ಲಿ ಲಂಟಾನ ಇತ್ತು. 2008ರಲ್ಲಿ ನೋಡಿದರೆ 81ರಲ್ಲಿ. ಹನ್ನೊಂದು ವರ್ಷಕ್ಕೆ ಎರಡರಷ್ಟು. ಆ ಪೊದೆಯೊಳಗೆ ಆನೆ ನಿಂತರೂ ಹತ್ತು ಮಾರು ದೂರಕ್ಕೆ ಕಾಣುವುದಿಲ್ಲ. ದಾರಿಯಲ್ಲಿ ನಮ್ಮ ಮುಂದೆ ನಡೆಯುತ್ತಿದ್ದ ಹುಡುಗ ಪ್ರತಿ ತಿರುವಿನಲ್ಲೂ ನಿಂತು ಗಾಳಿ ಮೂಸುತ್ತಿದ್ದ.

ಸೋಲಿಗರ ಮಾತನ್ನು ವಿಜ್ಞಾನಿಗಳು ಕೇಳಿಸಿಕೊಂಡರು. ಹಾಗೆಂದು ಒಪ್ಪಿಬಿಡಲಿಲ್ಲ, ಅಳೆದರು. ಹತ್ತು ವರ್ಷ ನೆಲ್ಲಿಮರಗಳನ್ನು ಒಂದೊಂದಾಗಿ ಹಿಂಬಾಲಿಸಿದ ಅಧ್ಯಯನದಲ್ಲಿ ಮರಗಳ ಸಂಖ್ಯೆ ಇಳಿಯುತ್ತಿರುವುದು ನಿಜವೆಂದು ಕಂಡಿತು. ಆದರೆ ಕಾಯಿ ಕೊಯ್ಲಿನ ಪಾತ್ರ ಅದರಲ್ಲಿ ಅಷ್ಟಕ್ಕಷ್ಟೆ. ಹೆಚ್ಚಿನ ಪೆಟ್ಟು ಉಪ್ಪಿಲು ಮತ್ತು ಲಂಟಾನದ್ದು.

ಇದರ ನಡುವೆಯೇ ಒಂದು ವಿಚಿತ್ರ ನಡೆಯಿತು. ವನ್ಯಜೀವಿ ಸಂರಕ್ಷಣಾ ಕಾಯ್ದೆಗೆ 2002ರಲ್ಲಿ ತಿದ್ದುಪಡಿಯಾಗಿ, ಅಭಯಾರಣ್ಯದಿಂದ ಮಾರಾಟಕ್ಕೆಂದು ಏನನ್ನೂ ತೆಗೆಯಬಾರದು ಎಂದಾಯಿತು. 2006ರ ಹೊತ್ತಿಗೆ ಬೆಟ್ಟದಲ್ಲಿ ನೆಲ್ಲಿ, ಜೇನು, ಎಲ್ಲದರ ಸಂಗ್ರಹವೂ ನಿಂತಿತು. ಹಿಂದೆ ಕಾಯಿ ಕೊಯ್ಯಲು ಮರ ಹತ್ತಿದವರು ಉಪ್ಪಿಲು ಕಂಡರೆ ಆ ಕೊಂಬೆಯನ್ನು ಸವರಿ ಇಳಿಯುತ್ತಿದ್ದರು. ಅದಕ್ಕೆ ಯಾರೂ ಕೂಲಿ ಕೊಟ್ಟಿರಲಿಲ್ಲ. ಈಗ ಮರ ಹತ್ತುವುದೇ ಅಪರಾಧವಾದ ಮೇಲೆ ಉಪ್ಪಿಲಿಗೆ ಹಬ್ಬ. ಕಾಡನ್ನು ಕಾಪಾಡಲು ತಂದ ಕಾನೂನು, ನೆಲ್ಲಿಯನ್ನು ಕಾಯುತ್ತಿದ್ದವರನ್ನೇ ಮರದಿಂದ ಇಳಿಸಿತು. ಆ ವರ್ಷಗಳಲ್ಲಿ ಪೋಡುಗಳ ಗಂಡಸರು, ಹೆಂಗಸರು ಕೂಲಿಗಾಗಿ ಕೆಳಗಿನ ಊರುಗಳಿಗೆ, ಕಾಫಿ ತೋಟಗಳಿಗೆ ಹೋದರು.

ಮತ್ತೆ ಬೆಂಕಿಯ ಮಾತಿಗೆ ಬರುತ್ತೇನೆ. ಸೋಲಿಗರು ಹೇಳಿದರೆಂದು ಬೆಂಕಿಪೊಟ್ಟಣವನ್ನು ನಾಳೆಯೇ ಪೋಡಿನ ಕೈಗೆ ಕೊಟ್ಟುಬಿಡಿ ಎನ್ನುವಷ್ಟು ಸುಲಭವೂ ಅಲ್ಲ ಇದು. ತರಗುಬೆಂಕಿ ಬಲ್ಲ ಹಿರಿಯರು ಕಡಿಮೆಯಾಗುತ್ತಿದ್ದಾರೆ. ಅವರು ಹುಡುಗರಾಗಿದ್ದಾಗಿನ ಕಾಡು ಈಗಿಲ್ಲ. ಲಂಟಾನ ತಲೆಯೆತ್ತರ ಬೆಳೆದಲ್ಲಿ ಹಳೆಯ ತಣ್ಣನೆಯ ಬೆಂಕಿ ತಣ್ಣಗಿರುವುದಿಲ್ಲ. ಮೊದಲು ಲಂಟಾನ ಕಿತ್ತು, ಆಮೇಲೆ ಸಣ್ಣ ಸಣ್ಣ ತುಂಡುಗಳಲ್ಲಿ ಪ್ರಯೋಗ ಮಾಡಿ ನೋಡಬೇಕು. ಬಲ್ಲವರೂ ಅಳೆಯುವವರೂ ಒಟ್ಟಿಗೆ ನಿಂತರೆ ಮಾತ್ರ ಆಗುವ ಕೆಲಸ. ಅಭಯಾರಣ್ಯದಲ್ಲಿ ಬೆಂಕಿ ಹಚ್ಚುವುದನ್ನು ವನ್ಯಜೀವಿ ಸಂರಕ್ಷಣಾ ಕಾಯ್ದೆಯ 30ನೇ ಕಲಮು ನಿಷೇಧಿಸುತ್ತದೆ. ಹಾಗಾಗಿ ಇಂಥ ಪ್ರಯೋಗ ಎಂದರೆ ಎಲ್ಲರೂ ಮುಖ ಮುಖ ನೋಡಿಕೊಳ್ಳುತ್ತಾರೆ.

ಆಸ್ಟ್ರೇಲಿಯಾದಲ್ಲಿ ಇದನ್ನು ಮಾಡಿ ತೋರಿಸಿದ್ದಾರೆ. ಉತ್ತರದ ಆರ್ನೆಮ್ ಲ್ಯಾಂಡ್ ಎಂಬ ಸೀಮೆಯಲ್ಲಿ ಅಲ್ಲಿನ ಮೂಲನಿವಾಸಿಗಳು ಊರು ಬಿಟ್ಟ ಮೇಲೆ ಒಣಗಾಲದ ಕೊನೆಯಲ್ಲಿ ದೊಡ್ಡ ಬೆಂಕಿಗಳು ಏಳತೊಡಗಿದವು. ವಿಜ್ಞಾನಿಗಳು ಹಿರಿಯರೊಂದಿಗೆ ಕೂಡಿ, ಅವರು ಹೇಳಿದ ತಿಂಗಳಲ್ಲಿ, ಹೇಳಿದ ಕಡೆ, ಸಣ್ಣ ಬೆಂಕಿ ಹಾಕಿಸಿದರು. 2006ರಿಂದ ಸುಮಾರು 28,000 ಚದರ ಕಿಲೋಮೀಟರಿನಲ್ಲಿ ಇದು ನಡೆದಿದೆ. ದೊಡ್ಡ ಬೆಂಕಿ ಇಳಿದದ್ದರಿಂದ ತಗ್ಗಿದ ಹೊಗೆಯ ಲೆಕ್ಕ ಹಾಕಿ, ಡಾರ್ವಿನ್ ಪಟ್ಟಣದ ಒಂದು ಅನಿಲ ಸ್ಥಾವರ ಅವರಿಗೆ ವರ್ಷ ವರ್ಷ ಹಣ ಕೊಡುತ್ತ ಬಂತು. ಅಲ್ಲಿ ಬೆಂಕಿ ಹಾಕಿದವರಿಗೆ ಸಂಬಳ, ಇಲ್ಲಿ ಮೊಕದ್ದಮೆ. ಭೂಮಿ ಅಲ್ಲಿನ ಜನರ ಹೆಸರಿನಲ್ಲಿ ಇದೆ ಎಂಬ ವ್ಯತ್ಯಾಸವನ್ನು ಮರೆಯಬಾರದು.

ನಮ್ಮಲ್ಲಿ ಭೂಮಿಯ ಮಾತು ಬಂದದ್ದು ಅರಣ್ಯ ಹಕ್ಕು ಕಾಯ್ದೆಯಿಂದ. 2006ರಲ್ಲಿ ಸಂಸತ್ತು ಒಪ್ಪಿದ ಕಾಯ್ದೆ 2007ರ ಡಿಸೆಂಬರ್ 31ರಂದು ಜಾರಿಗೆ ಬಂತು. ಹಕ್ಕು ಕೇಳುವವರು ಸಾಕ್ಷ್ಯ ಕೊಡಬೇಕು. ಪಹಣಿ, ಪಟ್ಟೆ ಇಲ್ಲದ ಜನ ಏನು ಕೊಟ್ಟಾರು? ಆ ಕಾಯ್ದೆಯ ನಿಯಮಗಳಲ್ಲಿ ನನಗೆ ತುಂಬ ಹಿಡಿಸಿದ ಒಂದು ಸಾಲಿದೆ. ಹಿರಿಯರ ಬಾಯಿಮಾತನ್ನು ಬರೆದುಕೊಂಡರೆ ಅದೂ ಸಾಕ್ಷ್ಯ. ಹಳೆಯ ಬಾವಿ, ಸಮಾಧಿ, ದೇವರ ತಾಣಗಳೂ ಸಾಕ್ಷ್ಯ.

ಇದು ಸೋಲಿಗರಿಗೆ ಒಗ್ಗಿದ ಮಾತು. ಅವರ ಕಾಡೆಲ್ಲ ಎಲ್ಲೆಗಳಾಗಿ ಹಂಚಿಹೋಗಿದೆ. ಒಂದೊಂದು ಕುಲಕ್ಕೂ ತನ್ನದೇ ಎಲ್ಲೆಗಳಿವೆ. ಎಲ್ಲೆಯೊಳಗೆ ದೇವರು, ಮಾರಮ್ಮ, ವೀರು, ಹಿರಿಯರನ್ನು ಮಣ್ಣು ಮಾಡಿದ ಕಲ್ಲುಗುಡಿ, ನೀರಿನ ಅಬ್ಬಿ. ಏಟ್ರೀಯ ಸಂಶೋಧಕರೂ ಸೋಲಿಗರ ಸಂಘದವರೂ ಜಿಪಿಎಸ್ ಯಂತ್ರ ಹಿಡಿದು ಹಿರಿಯರ ಹಿಂದೆ ಇವನ್ನೆಲ್ಲ ಹುಡುಕಿ ನಡೆದರು. ಐನೂರರ ಹತ್ತಿರ ಹತ್ತಿರ ತಾಣಗಳು ನಕ್ಷೆಯ ಮೇಲೆ ಬಂದವು. ಲಂಟಾನದೊಳಗೆ ಮುಚ್ಚಿಹೋಗಿದ್ದ ಕಲ್ಲುಗುಡಿಗೆ ದಾರಿ ಸವರಿಕೊಂಡು ಹೋಗಿ, ಯಂತ್ರ ಅಂಕಿ ತೋರಿಸುವವರೆಗೆ ಕಾದು ನಿಂತ ಹೊತ್ತಿನಲ್ಲಿ, ಜೊತೆಯ ಹಿರಿಯರು ಕಲ್ಲಿನ ಮುಂದೆ ಒಂದು ಸೊಪ್ಪಿಟ್ಟು ಕೈ ಮುಗಿದಿರಬೇಕು ಎಂದು ನಾನು ಊಹಿಸಿಕೊಳ್ಳುತ್ತೇನೆ. ಅದುವರೆಗಿನ ನಕ್ಷೆಗಳಲ್ಲಿ ಅದೇ ಕಾಡಿಗೆ ಬ್ಲಾಕು, ಬೀಟು, ಕಂಪಾರ್ಟ್‌ಮೆಂಟು ಎಂಬ ಹೆಸರುಗಳಿದ್ದವು.

ಬೆಟ್ಟ 2011ರ ಜನವರಿಯಲ್ಲಿ ಹುಲಿ ಸಂರಕ್ಷಿತ ಪ್ರದೇಶವಾಯಿತು. ಇನ್ನು ಎಬ್ಬಿಸುತ್ತಾರೆ ಎಂಬ ಭಯ ಪೋಡುಗಳಲ್ಲಿ ಹರಡಿತು. ಅದೇ ವರ್ಷ ಅಕ್ಟೋಬರಿನಲ್ಲಿ 25 ಗ್ರಾಮಸಭೆಗಳಿಗೆ ಸಮುದಾಯ ಅರಣ್ಯ ಹಕ್ಕುಪತ್ರ ಸಿಕ್ಕಿತು. ಹುಲಿ ಸಂರಕ್ಷಿತ ಪ್ರದೇಶವೊಂದರ ಒಳಗೆ ಇಂಥ ಹಕ್ಕು ಮನ್ನಣೆ ಪಡೆದದ್ದು ದೇಶದಲ್ಲೇ ಮೊದಲು. ಕಿತ್ತು ಮಾರುವ ಹಕ್ಕಷ್ಟೇ ಅಲ್ಲದೆ ಕಾಡನ್ನು ಕಾಯುವ, ನೋಡಿಕೊಳ್ಳುವ ಹಕ್ಕೂ ಈ ಕಾಯ್ದೆಯಲ್ಲಿದೆ. ಹಕ್ಕುಪತ್ರ ಬಂದ ಮಾತ್ರಕ್ಕೆ ಎಲ್ಲ ಸರಿಹೋಯಿತು ಎಂದು ಮಾತ್ರ ತಿಳಿಯಬೇಡಿ. ಪೆಟ್ಟಿಗೆಯಲ್ಲಿಟ್ಟ ಪತ್ರವನ್ನು ಚೆಕ್‌ಪೋಸ್ಟಿನಲ್ಲಿ ಯಾರೂ ಓದುವುದಿಲ್ಲ.

ಪರಿಸರ ಸಂಸ್ಥೆಗಳೆಲ್ಲ ಒಂದೇ ಎಂದೂ ತಿಳಿಯಬೇಡಿ. ಇದೇ ಅರಣ್ಯ ಹಕ್ಕು ಕಾಯ್ದೆಯನ್ನು ಪ್ರಶ್ನಿಸಿ 2008ರಲ್ಲಿ ಸುಪ್ರೀಂ ಕೋರ್ಟಿಗೆ ಹೋದವರಲ್ಲಿ ವನ್ಯಜೀವಿ ಸಂಸ್ಥೆಗಳಿದ್ದವು. 2019ರ ಫೆಬ್ರವರಿ 13ರಂದು, ಅರ್ಜಿ ತಿರಸ್ಕೃತವಾದವರನ್ನು ಕಾಡಿನಿಂದ ಹೊರಹಾಕಿ ಎಂಬ ಆದೇಶ ಬಂತು. ದೇಶದಲ್ಲೆಲ್ಲ ಕೂಗೆದ್ದು, ಅದೇ ತಿಂಗಳ 28ರಂದು ಆದೇಶಕ್ಕೆ ತಡೆ ಬಿತ್ತು. ಆ ಸಂಸ್ಥೆಗಳವರ ಕಳಕಳಿ ಸುಳ್ಳೆಂದು ನಾನು ಹೇಳುವುದಿಲ್ಲ. ಹಕ್ಕಿನ ಹೆಸರಿನಲ್ಲಿ ಒತ್ತುವರಿ ಮಾಡಿದವರೂ ಇದ್ದಾರೆ. ಆದರೆ ಒತ್ತುವರಿದಾರನನ್ನೂ ಸೋಲಿಗರ ಹಿರಿಯನನ್ನೂ ಒಂದೇ ಪಟ್ಟಿಯಲ್ಲಿ ಬರೆಯುವ ಕಣ್ಣಿಗೆ ಉಪ್ಪಿಲೂ ನೆಲ್ಲಿಯೂ ಒಂದೇ ಮರವಾಗಿ ಕಾಣುತ್ತವೆ. ನನಗೂ ಕಂಡಿತ್ತಲ್ಲ.

ಜನ ಇದ್ದಲ್ಲಿ ಹುಲಿ ಉಳಿಯದು ಎಂಬ ವಾದಕ್ಕೆ ಎದುರಾಗಿ ಸೋಲಿಗರ ಪರ ಇರುವವರು ಒಂದು ಲೆಕ್ಕ ಹೇಳುತ್ತಾರೆ. 2010ರ ಗಣತಿಯಲ್ಲಿ ಈ ಬೆಟ್ಟದಲ್ಲಿ ಅಂದಾಜು 35 ಹುಲಿ, 2014ರಲ್ಲಿ 68. ಅಂಕಿ ನಿಜ. ನಾನು ಮಾತ್ರ ಅದರ ಮೇಲೆ ಪೂರ್ತಿ ಭಾರ ಹಾಕುವುದಿಲ್ಲ. ಹುಲಿ ಇವತ್ತು ಇಲ್ಲಿ, ನಾಳೆ ಗಡಿ ದಾಟಿ ಸತ್ಯಮಂಗಲದಲ್ಲಿ. ಗಣತಿ ಏರುತ್ತದೆ, ಇಳಿಯುತ್ತದೆ. ಇಳಿದ ವರ್ಷ ಸೋಲಿಗರ ಹಕ್ಕೂ ಇಳಿಯಬೇಕೇ?

ಬೆಟ್ಟದಲ್ಲಿ ಈಗ ಬೇರೆ ಬೇರೆ ಕೆಲಸಗಳು ಸಾಗಿವೆ. ಮರದ ನೆರಳಿನಲ್ಲಿ ಸೋಲಿಗರು ಬೆಳೆದ ಕಾಫಿಯನ್ನು ಅವರದೇ ಉತ್ಪಾದಕ ಕಂಪನಿ ಮಾರುತ್ತದೆ. ಪಕ್ಕದ ಮಲೆ ಮಹದೇಶ್ವರ ಬೆಟ್ಟದಲ್ಲಿ ಲಂಟಾನದ ಕಡ್ಡಿಯನ್ನು ಬೇಯಿಸಿ, ಸಿಪ್ಪೆ ಸುಲಿದು, ಬಗ್ಗಿಸಿ ಕುರ್ಚಿ, ಬುಟ್ಟಿ ಮಾಡುವುದನ್ನು ಏಟ್ರೀ ಕಲಿಸಿದೆ. ಬಿದಿರು ಹೆಣೆದು ಪಳಗಿದ ಕೈಗೆ ಲಂಟಾನ ಬೇಗ ಒಗ್ಗಿತಂತೆ. ಆದರೂ ಕುರ್ಚಿ ಮಾಡಿ ಮುಗಿಸುವಷ್ಟು ಲಂಟಾನವಲ್ಲ ಅದು. ಬಿಳಿಗಿರಿರಂಗನ ಬೆಟ್ಟದಲ್ಲಿ ಸಿಕ್ಕ ಕಣಜದ ಹುಳುವಿನ ಒಂದು ಹೊಸ ಕುಲಕ್ಕೆ 2022ರಲ್ಲಿ ವಿಜ್ಞಾನಿಗಳು ಸೋಲಿಗ ಎಂದೇ ಹೆಸರಿಟ್ಟರು. ಇದನ್ನು ತಾತನಿಗೆ ಹೇಳಿದಾಗ, "ಕಚ್ಚದಾ ಅದು?" ಎಂದು ಕೇಳಿದರು.

ಇದೆಲ್ಲಕ್ಕಿಂತ ನನಗೆ ದೊಡ್ಡದಾಗಿ ಕಾಣುವ ಬದಲಾವಣೆ ಬೇರೊಂದಿದೆ. ಡಾಕ್ಟರ್ ಸಿ. ಮಾದೇಗೌಡರು ಸೋಲಿಗರು, ತಮ್ಮದೇ ಜನರ ಬದುಕು, ಕಾಡು, ಹಕ್ಕುಗಳನ್ನು ಅಧ್ಯಯನ ಮಾಡಿ ಪಿಎಚ್.ಡಿ. ಪಡೆದವರು. ಎಲ್ಲೆಗಳ ನಕ್ಷೆಯಲ್ಲಿ, ಹಕ್ಕಿನ ಹೋರಾಟದಲ್ಲಿ ಅವರ ಕೈಯಿದೆ. ಒಂದು ಕಾಲಕ್ಕೆ ಸಂಶೋಧಕರಿಗೆ ದಾರಿ ತೋರಿಸಿ ಕೂಲಿ ಪಡೆಯುತ್ತಿದ್ದ ಸಮುದಾಯದ ಹೆಸರು ಈಗ ಸಂಶೋಧನಾ ಪ್ರಬಂಧದ ಹಣೆಯ ಮೇಲೆ ಬರುತ್ತದೆ. ಕೊಳಗ ಹಿಡಿಯುವುದೆಂದರೆ ನನ್ನ ಲೆಕ್ಕದಲ್ಲಿ ಇದು.

ಆ ದಿನ ನೆಲ್ಲಿಮರದ ಕೆಳಗೆ ನಾವು ಬಹಳ ಹೊತ್ತು ಕೂತಿದ್ದೆವು. ತಾತ ಮಚ್ಚಿನ ಹಿಡಿಯಿಂದ ನೆಲದ ತರಗನ್ನು ಸರಿಸಿ, ಅದು ಎಷ್ಟು ದಪ್ಪ ಕೂತಿದೆ ಎಂದು ತೋರಿಸಿದರು, ಗೇಣಿಗೆ ಕಡಿಮೆಯಿರಲಿಲ್ಲ. ಆಮೇಲೆ ಬರಿಮಣ್ಣು ಕಾಣುವಷ್ಟು ಜಾಗ ಮಾಡಿಕೊಂಡು ಕೂತು ಒಂದು ಬೀಡಿ ಹಚ್ಚಿದರು. ಕಡ್ಡಿ ಆರಿದ್ದನ್ನು ಎರಡು ಸಲ ನೋಡಿ, ಬೆರಳಲ್ಲಿ ಒತ್ತಿ, ಮುರಿದು, ಎರಡೂ ತುಂಡನ್ನು ಅಂಗಿಯ ಜೇಬಿಗೆ ಹಾಕಿಕೊಂಡರು. ನಾನು ನೋಡುತ್ತಿದ್ದುದನ್ನು ಕಂಡು, "ಎಲ್ಲಿ ಬೆಂಕಿ ಬಿದ್ರೂ ಮೊದ್ಲು ನಮ್ಮನ್ನೇ ಕೇಳದು ಸ್ವಾಮಿ" ಎಂದರು.